ಮಸಿಯಲ್ಲಿ ಮೂಡಿದ ಬೆಳಕು

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಗೋಡೆಗೆ ಸಾಲಾಗಿ ತೂಗುಹಾಕಿದ ಚೌಕಟ್ಟುಗಳನ್ನು ನೀವು ನೋಡಿರುತ್ತೀರಿ. ದೇವರ ಪಟಗಳ ಪಕ್ಕದಲ್ಲಿ ಮನೆಯ ಹಿರಿಯರ ಛಾಯಾಚಿತ್ರಗಳು ಇರುತ್ತವೆ. ಹತ್ತಿರ ಹೋಗಿ ನೋಡಿದರೆ ಅಜ್ಜನ ರುಮಾಲು ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಅಜ್ಜಿಯ ಸೀರೆಯ ಅಂಚು ಉಳಿದಿದೆ, ಮುಖ ಹಳದಿಯ ಮಬ್ಬಿನಲ್ಲಿ ಕರಗಿದೆ. ಅದೇ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹುಳು ಹತ್ತದೆ ಉಳಿದ ಓಲೆಗರಿಯ ಕಟ್ಟೊಂದು ಇದ್ದರೆ ಅದನ್ನು ಬಿಚ್ಚಿ ನೋಡಿರಿ. ಎಷ್ಟೋ ತಲೆಮಾರಿನ ಹಿಂದೆ ಕಂಠದಿಂದ ಕೊರೆದು ಕಾಡಿಗೆ ತೀಡಿದ ಅಕ್ಷರಗಳು ಇಂದಿಗೂ ಕಪ್ಪಾಗಿಯೇ ಇರುತ್ತವೆ. ಬೆಳ್ಳಿಯಿಂದ ಆದ ಚಿತ್ರ ಎರಡು ತಲೆಮಾರು ಬಾಳಲಿಲ್ಲ. ದೀಪದ ಹೊಗೆಯಿಂದ ಆದ ಮಸಿ ಬಾಳಿತು. ಇದು ಹೀಗೇಕೆ? ಆ ಮಸಿಯಿಂದಲೇ ಛಾಯಾಚಿತ್ರವನ್ನು ತೆಗೆಯಲಾಗದೆ? ಈ ಎರಡು ಪ್ರಶ್ನೆಗಳ ಹಿಂದೆ ಒಂದೂವರೆ ಶತಮಾನಕ್ಕೆ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ನಮ್ಮ ಮನೆಯ ಬಾಗಿಲಿಗೂ ಬಂದು ನಿಂತಿದೆ.

ಮೊದಲನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಹಳೆಯ ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು. ಪೂಜೆಯ ಬೆಳ್ಳಿಯ ತಟ್ಟೆ ನಾಲ್ಕು ದಿನ ಹೊರಗಿದ್ದರೆ ಕಂದುತ್ತದೆಯಲ್ಲವೆ? ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಹಿಡಿಯುವುದೇ ಅದರ ಕಾರಣ. ತಟ್ಟೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಬಹುದು. ಚಿತ್ರವನ್ನು ಉಜ್ಜಲು ಬಾರದು. ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೋ ಎಂಬ ಲವಣವನ್ನು ಚೆನ್ನಾಗಿ ತೊಳೆದು ತೆಗೆಯದಿದ್ದರೆ ಅದರಲ್ಲಿರುವ ಗಂಧಕವೂ ಒಳಗಿನಿಂದಲೇ ಕೆಲಸ ಮಾಡುತ್ತದೆ. ಇವೆಲ್ಲಕ್ಕೂ ಒತ್ತಾಸೆಯಾಗಿ ನಿಲ್ಲುವುದು ತೇವ. ಹೊಸನಗರ ತಾಲ್ಲೂಕಿನ ನಿಟ್ಟೂರು ಕೊಡಚಾದ್ರಿಯ ಸೆರಗಿನಲ್ಲಿರುವ ಊರು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಟ್ಟೂ ಬಿಡದೆ ಸುರಿಯುವ ಅಂಥ ಸೀಮೆಯಲ್ಲಿ ಒಗೆದ ಬಟ್ಟೆಯೇ ಒಲೆಯ ಮೇಲಿನ ಗಳುವಿನಲ್ಲಿ ಒಣಗಬೇಕು. ಅಲ್ಲಿ ಬೆಳ್ಳಿಯ ಚಿತ್ರ ಮಾಸದೆ ಉಳಿದೀತೆ?

ಈ ದುಃಖ ನಮ್ಮೊಬ್ಬರದೇ ಅಲ್ಲ. 1839ರಲ್ಲಿ ಫ್ರಾನ್ಸಿನ ಡಾಗೇರ್ ಮತ್ತು ಇಂಗ್ಲೆಂಡಿನ ಟಾಲ್ಬಟ್ ತಮ್ಮ ತಮ್ಮ ವಿಧಾನಗಳನ್ನು ಲೋಕಕ್ಕೆ ತಿಳಿಸಿದರು. ಕಾಗದದ ಮೇಲಿನ ಚಿತ್ರಗಳು ಮಾಸುತ್ತವೆಂಬ ಕೂಗು ಹದಿನೈದು ವರ್ಷ ತುಂಬುವುದರೊಳಗೆ ಎದ್ದಿತು. 1855ರಲ್ಲಿ ಲಂಡನ್ನಿನ ಛಾಯಾಚಿತ್ರ ಸಂಘವು ಇದನ್ನು ವಿಚಾರಿಸಲು ಒಂದು ಸಮಿತಿಯನ್ನೇ ನೇಮಿಸಿತು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಅದರ ವೆಚ್ಚಕ್ಕೆ 50 ಪೌಂಡು ಕೊಟ್ಟನು. ಸಾಲದ ತೊಳೆತ, ಗಂಧಕ, ತೇವ ಇವೇ ಮುಖ್ಯ ಅಪರಾಧಿಗಳೆಂದು ಸಮಿತಿ ಕಂಡಿತು. ಮರುವರ್ಷ ಫ್ರಾನ್ಸಿನಲ್ಲಿ ಲುಯೀನ್ ಪ್ರಭುವು ಮಾಸದ ಚಿತ್ರವನ್ನು ಅಚ್ಚುಹಾಕುವ ವಿಧಾನಕ್ಕೆ ಬಹುಮಾನವನ್ನು ಸಾರಿದನು.

ಇನ್ನು ಮಸಿಯ ವಿಚಾರ. ದೀಪದ ಕುಡಿಯ ಮೇಲೆ ಬಟ್ಟಲನ್ನು ಕವುಚಿ ಹಿಡಿದರೆ ಕೂಡುವ ಕಾಡಿಗೆ, ಒಲೆಯ ಇದ್ದಿಲು, ಸೀಸದಕಡ್ಡಿಯ ಒಳಗಿನ ಕಪ್ಪು, ಇವೆಲ್ಲ ಒಂದೇ ಮೂಲವಸ್ತುವಿನ ರೂಪಗಳು. ಇಂಗಾಲವೆಂದು ನಾವು ಮಕ್ಕಳಿಗೆ ಪಾಠ ಹೇಳುವುದು ಇದನ್ನೇ. ಬೆಂಕಿ ತಾಗದಿದ್ದರೆ ಇದು ಗಾಳಿಯ ಯಾವ ಅಂಶದೊಡನೆಯೂ ಸುಲಭವಾಗಿ ಕೂಡುವುದಿಲ್ಲ, ಬಿಸಿಲಿಗೆ ಬಣ್ಣಗೆಡುವುದಿಲ್ಲ, ಗಂಧಕಕ್ಕೆ ಹೆದರುವುದಿಲ್ಲ. ನಮ್ಮ ಹಿರಿಯರು ರಸಾಯನಶಾಸ್ತ್ರವನ್ನು ಓದದೆಯೂ ಇದನ್ನು ಬಲ್ಲವರಾಗಿದ್ದರು. ಓಲೆಗರಿಯಲ್ಲಿ ಕೊರೆದ ಗೆರೆಗೆ ಕಾಡಿಗೆಯನ್ನು ತುಂಬಿದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಕರಿಹಲಗೆಯಂತೆ ಮಾಡಿ, ಬಳಪದಿಂದ ಲೆಕ್ಕ ಬರೆದು ಮಡಿಸಿಟ್ಟರು, ಅದೇ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಕಚೇರಿಯ ಕಾಗದಪತ್ರಕ್ಕೆ ನಾವು ಇಂದಿಗೂ ಕಡತವೆನ್ನುವುದು ಆ ಮಸಿಬಟ್ಟೆಯ ನೆನಪಿನಿಂದ. ಶಾಸನಗಳನ್ನು ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮಸಿಯುಂಡೆಯಿಂದ ತಟ್ಟಿ ತೆಗೆಯುವ ಪಡಿಯಚ್ಚಿನಲ್ಲೂ ಕೆಲಸ ಮಾಡುವುದು ಇದೇ ಕಪ್ಪು.

ಶಾಸನದ ಮಾತು ಬಂದದ್ದರಿಂದ ನಮ್ಮ ನಾಡಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1865ರಲ್ಲಿ, ಬೌರಿಂಗ್ ಮೈಸೂರಿನ ಕಮಿಷನರಾಗಿದ್ದಾಗ, ಮದರಾಸು ಸೈನ್ಯದ ಮೇಜರ್ ಡಿಕ್ಸನ್ ಎಂಬವನು ಸರ್ಕಾರದ ಪರವಾಗಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ಬಿ. ಎಲ್. ರೈಸ್ ಅವರು ಶಾಸನಗಳನ್ನು ಓದಿಸಿ, ಅನುವಾದಿಸಿ, 1879ರಲ್ಲಿ ಬೆಂಗಳೂರಿನಿಂದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಹೊರತಂದರು. ನಮ್ಮ ಜಿಲ್ಲೆಯ ಬಳ್ಳಿಗಾವೆಯ ಶಾಸನಗಳೂ ಅದರಲ್ಲಿವೆ. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕ’ದ ಶಿವಮೊಗ್ಗ ಸಂಪುಟಗಳು 1902ರಲ್ಲಿ ಮತ್ತು 1904ರಲ್ಲಿ ಹೊರಬಂದವು. ಕನ್ನಡ ಶಾಸನಗಳ ಅಧ್ಯಯನಕ್ಕೆ ಹಾಕಿದ ಮೊದಲ ಮೆಟ್ಟಿಲುಗಳಲ್ಲಿ ಛಾಯಾಚಿತ್ರವೂ ಒಂದು ಎಂಬುದನ್ನು ನಾವು ಮರೆಯಬಾರದು. ಆದರೆ ಆ ಕಾಲದ ರೂಢಿಯ ಕಾಗದ ಯಾವುದು? ಮೊಟ್ಟೆಯ ಬಿಳಿಲೋಳೆಯನ್ನು ಸವರಿ ಬೆಳ್ಳಿಯ ಲವಣದಲ್ಲಿ ತೋಯಿಸಿದ್ದು, ಮಾಸುವುದರಲ್ಲಿ ಹೆಸರುವಾಸಿಯಾದದ್ದು. ಸಾವಿರ ವರ್ಷ ಮಳೆಯಲ್ಲಿ ನಿಂತ ಕಲ್ಲಿನ ಚಿತ್ರವನ್ನು ನೂರು ವರ್ಷ ನಿಲ್ಲುವುದೆಂಬ ಭರವಸೆಯಿಲ್ಲದ ಹಾಳೆಗೆ ಇಳಿಸಿದಂತಾಯಿತು. ಸ್ವಾರಸ್ಯವೇನೆಂದರೆ, ಇದಕ್ಕೆ ತಕ್ಕ ಮದ್ದು ಇಂಗ್ಲೆಂಡಿನಲ್ಲಿ ಹಿಂದಿನ ವರ್ಷವಷ್ಟೇ ಸಿದ್ಧವಾಗಿತ್ತು.

ಆ ಮದ್ದಿನ ಕಥೆ ಹೀಗಿದೆ. ಮಸಿಗೆ ಬೆಳಕಿನ ಪರಿವೆಯಿಲ್ಲ. ಬಿಸಿಲಿನಲ್ಲಿಟ್ಟರೂ ಕತ್ತಲೆಯಲ್ಲಿಟ್ಟರೂ ಅದು ಒಂದೇ ಸಮ. ಆದುದರಿಂದ ಬೆಳಕಿನ ಮಾತನ್ನು ಕೇಳುವ ಬೇರೊಂದು ವಸ್ತುವಿನೊಳಗೆ ಮಸಿಯನ್ನು ಸೇರಿಸಬೇಕು. 1839ರಲ್ಲಿಯೇ ಸ್ಕಾಟ್ಲೆಂಡಿನ ಮಂಗೋ ಪಾಂಟನ್ ಎಂಬವನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಅದ್ದಿದ ಕಾಗದ ಬಿಸಿಲಿಗೆ ಬಣ್ಣ ಬದಲಿಸುವುದನ್ನು ಕಂಡಿದ್ದನು. ಶಾಲೆಯ ರಸಾಯನ ಪ್ರಯೋಗಶಾಲೆಯ ಬೀರುವಿನಲ್ಲಿ ಕಿತ್ತಳೆ ಬಣ್ಣದ ಹರಳಾಗಿ ಕಾಣುವ ವಸ್ತು ಇದೇ. 1852ರಲ್ಲಿ ಟಾಲ್ಬಟ್ ಇನ್ನೊಂದು ಗುಣವನ್ನು ಕಂಡುಹಿಡಿದನು: ಜೆಲಾಟಿನ್ನಿಗೆ ಈ ಲವಣವನ್ನು ಸೇರಿಸಿ ಒಣಗಿಸಿದರೆ, ಬೆಳಕು ಬಿದ್ದ ಭಾಗ ಗಟ್ಟಿಯಾಗಿ ನೀರಿನಲ್ಲಿ ಕರಗದಂತಾಗುತ್ತದೆ. ಜೆಲಾಟಿನ್ ಎಂದರೆ ಎಲುಬು ಚರ್ಮಗಳಿಂದ ತೆಗೆಯುವ ಅಂಟು. ಹಿಂದೆ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಅಂಟಿನ ಶುದ್ಧರೂಪವೆನ್ನಬಹುದು. 1855ರಲ್ಲಿ ಫ್ರಾನ್ಸಿನ ಅಲ್ಫೋನ್ಸ್ ಪ್ವಾತ್ವೆಂ ಈ ಅಂಟಿಗೆ ಇಂಗಾಲದ ಪುಡಿಯನ್ನು ಕಲಸಿದನು. ನೆಗೆಟಿವ್‌ನ ಕೆಳಗೆ ಬಿಸಿಲಿಗಿಟ್ಟು ಬಿಸಿನೀರಿನಲ್ಲಿ ತೊಳೆದರೆ ಬೆಳಕು ಕಂಡ ಅಂಟು ಮಸಿಯೊಡನೆ ಉಳಿಯಿತು, ಕಾಣದ ಅಂಟು ಮಸಿಯೊಡನೆ ಹರಿದುಹೋಯಿತು. ಮಸಿಯ ಚಿತ್ರ ಹುಟ್ಟಿತು. ಲುಯೀನ್ ಪ್ರಭುವಿನ ಬಹುಮಾನದಲ್ಲಿ ಅವನಿಗೂ ಪಾಲು ಸಂದಿತು.

ಆದರೂ ಒಂದು ಕೊರತೆ ಉಳಿಯಿತು. ಅಚ್ಚ ಕಪ್ಪೂ ಅಚ್ಚ ಬಿಳುಪೂ ಬಂದವು. ನಡುವಣ ನಸುನೆರಳು ಬರಲಿಲ್ಲ. ಕಾರಣವನ್ನು ತಿಳಿಯಲು ಮಾವಿನ ಹಣ್ಣಿನ ಮಾಂಬಳವನ್ನು ನೆನೆಯಿರಿ. ಚಾಪೆಯ ಮೇಲೆ ರಸವನ್ನು ಎರೆದು ಬಿಸಿಲಿಗಿಟ್ಟರೆ ಮೊದಲು ಒಣಗುವುದು ಮೇಲಿನ ಪದರ. ಚಾಪೆಗೆ ತಾಗಿದ ಅಡಿಯ ರಸ ಇನ್ನೂ ಹಸಿಯಾಗಿರುತ್ತದೆ. ಆಗ ನೀರು ಬಿದ್ದರೆ ಅಡಿಯ ಹಸಿ ರಸ ಕರಗಿ ಮೇಲಿನ ಒಣಗಿದ ಪದರವೂ ನಿಲ್ಲದೆ ಕೊಚ್ಚಿಹೋಗುತ್ತದೆ. ಈ ಅಂಟಿನ ಪಾಡೂ ಅದೇ. ಬೆಳಕು ಮೇಲಿನಿಂದ ಒಳಹೊಕ್ಕು, ತನ್ನ ಬಲವಿದ್ದಷ್ಟು ಆಳಕ್ಕೆ ಗಟ್ಟಿ ಮಾಡುತ್ತದೆ. ಹೆಚ್ಚು ಬೆಳಕು ಬಿದ್ದಲ್ಲಿ ಬುಡದವರೆಗೂ ಗಟ್ಟಿ. ಸ್ವಲ್ಪ ಬಿದ್ದಲ್ಲಿ ಮೇಲೆ ಮಾತ್ರ ತೆಳುವಾದ ಕೆನೆ. ತೊಳೆಯುವಾಗ ಆ ಕೆನೆಗೆ ಕೆಳಗೆ ಆಧಾರವಿಲ್ಲ. ಚಿತ್ರದ ಕೆನ್ನೆಯ ನೆರಳು, ಮೋಡದ ಮಬ್ಬು ಎಲ್ಲವೂ ಆ ತೆಳುಕೆನೆಯಲ್ಲೇ ಇರುವುದರಿಂದ ನೀರಿನ ಪಾಲಾಗುತ್ತಿದ್ದವು.

ಈ ತೊಡಕನ್ನು ಪೂರ್ಣವಾಗಿ ಬಿಡಿಸಿದವನು ಇಂಗ್ಲೆಂಡಿನ ನ್ಯೂಕಾಸಲ್ ಊರಿನ ಔಷಧ ವ್ಯಾಪಾರಿ ಜೋಸೆಫ್ ವಿಲ್ಸನ್ ಸ್ವಾನ್. ಎಡಿಸನ್ನನ ಜೊತೆಗೆ ವಿದ್ಯುದ್ದೀಪದ ಬುರುಡೆಗೆ ಹೆಸರಾದ ಸ್ವಾನ್ ಇವನೇ. 1864ರಲ್ಲಿ ಅವನು ಪಡೆದ ಹಕ್ಕಿನ ಸಾರ ಇಷ್ಟು: ಮಸಿಯಂಟನ್ನು ಒಂದು ಕಾಗದಕ್ಕೆ ಬಳಿದು ಬೆಳಕು ತೋರಿಸಿರಿ; ಆಮೇಲೆ ಅದನ್ನು ಮಗುಚಿ, ಗಟ್ಟಿಯಾದ ಮೇಲ್ಮೈಯನ್ನು ಬೇರೊಂದು ಕಾಗದಕ್ಕೆ ಅಂಟಿಸಿರಿ; ಬಿಸಿನೀರಿನಲ್ಲಿಟ್ಟು ಮೊದಲಿನ ಕಾಗದವನ್ನು ಸುಲಿದು ತೆಗೆಯಿರಿ. ಹಿಂದೆ ಅಡಿಯಾಗಿದ್ದುದು ಈಗ ಮೇಲಾಯಿತು. ಕರಗಬೇಕಾದದ್ದು ಸಲೀಸಾಗಿ ಕರಗಿತು. ತೆಳುಕೆನೆ ಹೊಸ ಕಾಗದವನ್ನು ತಬ್ಬಿಕೊಂಡು ಉಳಿಯಿತು. ಮಾಂಬಳವನ್ನು ಹೊಸ ಚಾಪೆಗೆ ಮಗುಚಿದ ಹಾಗೆ! ಉಪಾಯ ಗೊತ್ತಾದ ಮೇಲೆ ಸುಲಭವೆನಿಸುತ್ತದೆ. ಆದರೆ ಅದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಮುಂದೆ ಇದು ದೊಡ್ಡ ಉದ್ಯಮವಾಯಿತು. ಆಲ್ಸೇಸಿನ ಡೋರ್ನಾಕ್ ಎಂಬಲ್ಲಿ ಅಡಾಲ್ಫ್ ಬ್ರೌನ್ ಎಂಬವನು ಯೂರೋಪಿನ ಮಹಾ ಚಿತ್ರಕಾರರ ಕೃತಿಗಳನ್ನು ಈ ವಿಧಾನದಿಂದ ಅಚ್ಚುಹಾಕಿ ಹಂಚಿದನು. ಲಂಡನ್ನಿನಲ್ಲಿ 1868ರಲ್ಲಿ ಆಟೋಟೈಪ್ ಕಂಪನಿ ಹುಟ್ಟಿತು. 1879ರ ಸುಮಾರಿಗೆ ವಿಯೆನ್ನಾದ ಕಾರೆಲ್ ಕ್ಲಿಚ್ ಈ ಮಸಿಯಂಟಿನ ಕಾಗದವನ್ನು ತಾಮ್ರದ ಹಲಗೆಗೆ ಅಂಟಿಸಿ, ಆಮ್ಲದಿಂದ ಕೊರೆಸಿ, ಮುದ್ರಿಸುವ ಕಲೆಯನ್ನು ರೂಪಿಸಿದನು. ಹಲಗೆ ಹೋಗಿ ಉರುಳೆ ಬಂದಾಗ ಅದೇ ಕಲೆ ಪತ್ರಿಕೆಗಳನ್ನೂ ಅಂಚೆಚೀಟಿಗಳನ್ನೂ ಮುದ್ರಿಸುವ ಫೋಟೋಗ್ರಾವ್ಯೂರ್ ಆಯಿತು. 1952ರ ಅಕ್ಟೋಬರ್ 1ರಂದು ನಾಸಿಕದ ಮುದ್ರಣಾಲಯದಿಂದ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರನಾಥ ಠಾಕೂರರ ಅಂಚೆಚೀಟಿಗಳು ಹೊರಬಂದುವು. ನಮ್ಮ ದೇಶದಲ್ಲಿ ಫೋಟೋಗ್ರಾವ್ಯೂರ್ ವಿಧಾನದಿಂದ ಮುದ್ರಿತವಾದ ಮೊದಲ ಅಂಚೆಚೀಟಿಗಳು ಅವು. ಸ್ವಾನನ ಹೆಸರನ್ನೇ ಕೇಳದ ಹಳ್ಳಿಗೂ ಅವನ ಕಲೆಯ ಮೊಮ್ಮಗು ಕಾಗದದ ಲಕೋಟೆಯ ಮೇಲೆ ಕುಳಿತು ಬಂದಿತ್ತು.

ಇಷ್ಟು ಒಳ್ಳೆಯ ವಿಧಾನ ಏಕೆ ಹಿಂದೆ ಬಿದ್ದಿತು ಎಂದು ನೀವು ಕೇಳಬಹುದು. ಕಾರಣಗಳು ಎರಡು. ಇದು ದಿನವಿಡೀ ಹಿಡಿಯುವ ಕೆಲಸ. ಬ್ರೋಮೈಡ್ ಕಾಗದವಾದರೋ ಕತ್ತಲೆಕೋಣೆಯಲ್ಲಿ ನಿಮಿಷಗಳಲ್ಲಿ ಚಿತ್ರವನ್ನು ಕೊಡುತ್ತಿತ್ತು. ಎರಡನೆಯದು, ಮಸಿಯಂಟು ಬಲು ಮಂದ. ದೀಪದ ಬೆಳಕನ್ನು ಮಸೂರದಿಂದ ಹಾಯಿಸಿ ದೊಡ್ಡದು ಮಾಡಿದರೆ ಅದಕ್ಕೆ ಸಾಲದು. ಬಿಸಿಲೇ ಬೇಕು, ನೆಗೆಟಿವ್ ಮೈಗೆ ಮೈ ತಾಗಿ ಕೂತಿರಬೇಕು. ಎಂದರೆ ಒಂದು ಅಡಿ ಉದ್ದದ ಚಿತ್ರ ಬೇಕಾದರೆ ಒಂದು ಅಡಿ ಉದ್ದದ ನೆಗೆಟಿವ್ ಬೇಕು. ಕ್ಯಾಮೆರಾಗಳು ಕೈಯಳತೆಗೆ ಇಳಿದು, ನೆಗೆಟಿವ್‌ಗಳು ಹೆಬ್ಬೆರಳಗಲವಾದ ಮೇಲೆ ಈ ಕಲೆಗೆ ದಾರಿ ಮುಚ್ಚಿದಂತಾಯಿತು. ಕೆಲವು ಹಟಮಾರಿಗಳ ಕೈಯಲ್ಲಿ ಮಾತ್ರ ಅದು ಉಸಿರು ಹಿಡಿದುಕೊಂಡಿತು.

ಮುಚ್ಚಿದ ದಾರಿಯನ್ನು ತೆರೆದದ್ದು ಯಾರೂ ನಿರೀಕ್ಷಿಸದಿದ್ದ ಗಣಕಯಂತ್ರ. 1990ರ ದಶಕದಿಂದೀಚೆಗೆ ಚಿತ್ರವನ್ನು ಗಣಕದಲ್ಲಿ ತಿರುವುಮುರುವಾಗಿಸಿ, ಬಿಳುಪನ್ನು ಕಪ್ಪುಮಾಡಿ ಕಪ್ಪನ್ನು ಬಿಳುಪುಮಾಡಿ, ಶಾಯಿಯ ಮುದ್ರಕದಿಂದ ಪಾರದರ್ಶಕ ಹಾಳೆಯ ಮೇಲೆ ಬೇಕಾದ ಅಳತೆಗೆ ಅಚ್ಚುಹಾಕುವುದು ಸಾಧ್ಯವಾಯಿತು. ಇದನ್ನೇ ಡಿಜಿಟಲ್ ನೆಗೆಟಿವ್ ಎನ್ನುತ್ತಾರೆ. ಮೂಲ ಚಿತ್ರ ಫೋನಿನಲ್ಲಿ ತೆಗೆದದ್ದಾಗಬಹುದು, ಅಜ್ಜನ ಮಾಸಿದ ಪಟವನ್ನು ಸ್ಕ್ಯಾನ್ ಮಾಡಿದ್ದೂ ಆಗಬಹುದು. ಮಸಿಯಂಟಿಗೆ ಎಷ್ಟು ಬೆಳಕಿಗೆ ಎಷ್ಟು ಕಪ್ಪು ಎಂಬ ಲೆಕ್ಕವನ್ನು ಮೆಟ್ಟಿಲುಮೆಟ್ಟಿಲಾದ ಒಂದು ಪಟ್ಟಿಯನ್ನು ಅಚ್ಚುಹಾಕಿ ಅಳೆದು, ಅದಕ್ಕೆ ತಕ್ಕಂತೆ ನೆಗೆಟಿವ್‌ನ ಛಾಯೆಗಳನ್ನು ಗಣಕದಲ್ಲಿಯೇ ತಿದ್ದಬಹುದು. ಮಗುಚಿ ಅಂಟಿಸುವುದರಿಂದ ಚಿತ್ರದ ಎಡಬಲಗಳು ಅದಲುಬದಲಾಗುತ್ತವೆ. ಹಿಂದೆ ಅದನ್ನು ಸರಿಪಡಿಸಲು ಎರಡು ಸಲ ವರ್ಗಾಯಿಸಬೇಕಾಗುತ್ತಿತ್ತು. ಈಗ ಒಂದು ಗುಂಡಿಯನ್ನು ಒತ್ತಿ ನೆಗೆಟಿವ್ಅನ್ನೇ ಮೊದಲೇ ತಿರುಗಿಸಿಟ್ಟರೆ ತೀರಿತು.

ಉಳಿದ ಕೆಲಸವೆಲ್ಲ ಸ್ವಾನನ ಕಾಲದಂತೆಯೇ ಇದೆ. ಜೆಲಾಟಿನ್ನನ್ನು ನೀರಿನಲ್ಲಿ ನೆನೆಹಾಕಿ, ಕಾಯಿಸಿ, ಮಸಿಯನ್ನೂ, ಬಿರುಕು ಬಿಡದಿರಲೆಂದು ಸ್ವಲ್ಪ ಸಕ್ಕರೆಯನ್ನೂ ಸೇರಿಸಿ, ಸಮತಟ್ಟಾದ ಹಾಳೆಯ ಮೇಲೆ ದೋಸೆಯ ಹಿಟ್ಟಿನಂತೆ ಗುಳ್ಳೆಯೇಳದ ಹಾಗೆ ಹರಡಿ ಒಣಗಿಸುತ್ತಾರೆ. ಬೇಕಾದಾಗ ಡೈಕ್ರೋಮೇಟಿನ ದ್ರಾವಣವನ್ನು ಸವರಿ ಕತ್ತಲೆಯಲ್ಲಿ ಮತ್ತೆ ಒಣಗಿಸಬೇಕು. ನೆಗೆಟಿವ್‌ನೊಡನೆ ಗಾಜಿನ ಕೆಳಗೆ ಒತ್ತಿ ಬಿಸಿಲಿಗೋ ಅತಿನೇರಳೆ ದೀಪಕ್ಕೋ ಒಡ್ಡಬೇಕು. ಬಳಿಕ ತಣ್ಣೀರಿನಲ್ಲಿ ಹೊಸ ಕಾಗದದೊಡನೆ ಜೋಡಿಸಿ, ರಬ್ಬರಿನ ಪಟ್ಟಿಯಿಂದ ನೀರನ್ನೂ ಗಾಳಿಯನ್ನೂ ಒತ್ತಿ ಹೊರಡಿಸಿ, ಅರ್ಧ ಗಂಟೆ ಭಾರದ ಕೆಳಗಿಡಬೇಕು. ಆಮೇಲೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು. ಕೂಸಿಗೆ ಎರೆಯುವ ನೀರಿಗಿಂತ ತುಸು ಬಿಸಿ ಎನ್ನಿರಿ. ಅಂಚಿನಲ್ಲಿ ಮಸಿ ಒಸರಿದಾಗ ಹಳೆಯ ಹಾಳೆಯನ್ನು ಸುಲಿದರೆ ಮೊದಲು ಕಾಣುವುದು ಬರಿಯ ಕಪ್ಪು ಕೆಸರು. ನೀರನ್ನು ಮೆಲ್ಲಗೆ ಆಡಿಸುತ್ತ ಹೋದಂತೆ ಕೆಸರಿನೊಳಗಿಂದ ಹಣೆ, ಮೂಗು, ಕಣ್ಣು ಒಂದೊಂದಾಗಿ ಹೊರಬರುತ್ತವೆ. ಒಣಗಿದ ಮೇಲೆ ಹಾಳೆಯನ್ನು ಓರೆಯಾಗಿ ಹಿಡಿದರೆ ಕಪ್ಪು ಹೆಚ್ಚಿದ್ದಲ್ಲಿ ಉಬ್ಬು, ಬಿಳುಪಿದ್ದಲ್ಲಿ ತಗ್ಗು ಕಾಣುತ್ತದೆ. ಓಲೆಗರಿಯಲ್ಲಿ ಕಾಡಿಗೆ ತಗ್ಗಿನಲ್ಲಿ ಕುಳಿತರೆ ಇಲ್ಲಿ ದಿಣ್ಣೆಯಾಗಿ ನಿಂತಿದೆ.

ಮಲೆನಾಡಿನಲ್ಲಿ ಇದನ್ನು ಕೈಗೊಳ್ಳುವವರು ಕೆಲವು ಎಚ್ಚರಿಕೆಗಳನ್ನು ತಿಳಿದಿರಬೇಕು. ಡೈಕ್ರೋಮೇಟ್ ಸವರಿದ ಹಾಳೆ ಕತ್ತಲೆಯಲ್ಲಿದ್ದರೂ ತಾನಾಗಿಯೇ ನಿಧಾನವಾಗಿ ಗಟ್ಟಿಯಾಗುತ್ತದೆ. ಸೆಕೆಯೂ ತೇವವೂ ಕೂಡಿದರೆ ಇನ್ನೂ ಬೇಗ. ಆದುದರಿಂದ ಮಳೆಗಾಲ ಇದಕ್ಕೆ ಆಗದು. ಕಾರ್ತಿಕದಿಂದ ಮಾಘದವರೆಗಿನ ಒಣಹವೆ ಲೇಸು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಡೈಕ್ರೋಮೇಟ್ ವಿಷ, ಕ್ಯಾನ್ಸರನ್ನು ತರಬಲ್ಲ ವಸ್ತು. ಕೈಗವಸಿಲ್ಲದೆ ಮುಟ್ಟಬಾರದು, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು, ಅಡಿಗೆಮನೆಯೊಳಗೆ ತರಬಾರದು, ತೊಳೆದ ನೀರನ್ನು ತೋಟಕ್ಕೂ ಹಳ್ಳಕ್ಕೂ ಬಿಡಬಾರದು. ಯೂರೋಪಿನ ಒಕ್ಕೂಟದಲ್ಲಿ 2017ರಿಂದ ವಿಶೇಷ ಅನುಮತಿಯಿಲ್ಲದೆ ಇದನ್ನು ಬಳಸುವಂತಿಲ್ಲ. ಇದರ ಬದಲಿಗೆ ಡಯಾಜಿಡೋಸ್ಟಿಲ್ಬೀನ್ ಎಂಬ ಕ್ರೋಮಿಯಂ ಇಲ್ಲದ ಸಂಯುಕ್ತವನ್ನು ಬಳಸುವವರೂ ಇದ್ದಾರೆ. ಮನೆಯಲ್ಲಿ ಮಕ್ಕಳಿರುವವರು ಈ ಕೆಲಸವನ್ನು ಬಲ್ಲವರ ಕೈಗೆ ಒಪ್ಪಿಸುವುದೇ ವಿವೇಕ.

ಮಸಿಯ ಚಿತ್ರ ಅಮರವೆಂದೂ ತಿಳಿಯಬಾರದು. ಮಸಿ ಮಾಸುವುದಿಲ್ಲ, ನಿಜ. ಆದರೆ ಅದನ್ನು ಹಿಡಿದಿರುವ ಅಂಟು ಬೂಷ್ಟಿಗೆ ಆಹಾರ, ಕೆಳಗಿನ ಕಾಗದ ಗೆದ್ದಲಿಗೆ ಆಹಾರ. ಓಲೆಗರಿಯ ಅಕ್ಷರ ಕಪ್ಪಾಗಿಯೇ ಇದ್ದು ಗರಿಯೇ ಪುಡಿಯಾದುದನ್ನು ನಾವು ಕಾಣುವುದಿಲ್ಲವೆ? ಹಿರಿಯರು ವರ್ಷಕ್ಕೊಮ್ಮೆ ಕಟ್ಟುಗಳನ್ನು ಬಿಚ್ಚಿ, ಬಿಸಿಲು ಕಾಣಿಸಿ, ಎಣ್ಣೆ ಸವರಿ ಇಡುತ್ತಿದ್ದರು. ಒಳ್ಳೆಯ ವಸ್ತುವಿನಿಂದ ಅರ್ಧ ಆಯುಷ್ಯ. ಉಳಿದರ್ಧ ಮನೆಯವರ ಆರೈಕೆಯಿಂದ.

ಹಾಗಾದರೆ ಇಷ್ಟು ಶ್ರಮ ಯಾವುದಕ್ಕೆ? ನಮ್ಮ ಸೀಮೆಯ ಮಟ್ಟಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಶರಾವತಿ ತುಂಬಿ ನಿಂತಾಗ ಸಾಗರ ಹೊಸನಗರಗಳ ಕಡೆಯ ಎಷ್ಟೋ ಊರುಗಳು, ಗದ್ದೆ ತೋಟಗಳು, ಗುಡಿಗಳು ನೀರಿನ ಅಡಿಗೆ ಹೋದವು. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಆ ನೆಲವನ್ನು ಬಿಟ್ಟು ಬಂದ ಮನೆತನಗಳಲ್ಲಿ ಒಂದೋ ಎರಡೋ ಪಟಗಳು ಉಳಿದಿರಬಹುದು: ಹಳೆಯ ಮನೆಯ ಮುಂಬಾಗಿಲು, ಅಂಗಳದ ತುಳಸಿಕಟ್ಟೆ, ಮಗಳ ಮದುವೆಯ ಚಪ್ಪರ. ಮತ್ತೊಮ್ಮೆ ಹೋಗಿ ತೆಗೆದುಕೊಂಡು ಬರೋಣವೆಂದರೆ ಆ ಅಂಗಳವಿಲ್ಲ. ಆ ಬೆಳ್ಳಿ ಮಾಸಿದ ದಿನ ಆ ಊರು ಎರಡನೆಯ ಸಲ ಮುಳುಗಿದಂತೆಯೇ ಸರಿ.

ಈಚಿನ ಚಿತ್ರಗಳ ಗತಿಯೇನೂ ಇದಕ್ಕಿಂತ ಮೇಲಲ್ಲ. ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳ ಬಣ್ಣದ ಪಟಗಳು ಅನೇಕವು ಕೆಂಪಾಗಿ ಕೂತಿವೆ. ಫೋನಿನ ಚಿತ್ರಗಳಿಗಂತೂ ಮೈಯೇ ಇಲ್ಲ. ಯಂತ್ರ ಕೆಟ್ಟರೆ, ಗುಪ್ತಪದ ಮರೆತರೆ, ಸಾವಿರ ಚಿತ್ರ ಒಂದೇ ಕ್ಷಣದಲ್ಲಿ ಇಲ್ಲ. ಓಲೆಗರಿಯ ಕಾಲದಲ್ಲಿ ಬರೆಯುವುದೇ ಕಷ್ಟವಾದ್ದರಿಂದ ಉಳಿಸಬೇಕಾದದ್ದನ್ನು ಆರಿಸಿ ಬರೆದರು. ಈಗ ತೆಗೆಯುವುದು ಸುಲಭವಾದ್ದರಿಂದ ಯಾವುದನ್ನೂ ಆರಿಸುವುದಿಲ್ಲ. ಮಸಿಯ ಚಿತ್ರದ ದೊಡ್ಡ ಉಪಕಾರ ಬಹುಶಃ ಇದೇ: ಒಂದು ಚಿತ್ರಕ್ಕೆ ಒಂದು ದಿನ ಹಿಡಿಯುವುದರಿಂದ ಯಾವುದು ಉಳಿಯಬೇಕು ಎಂದು ಮನೆಯವರೆಲ್ಲ ಕುಳಿತು ಯೋಚಿಸುವಂತೆ ಅದು ಮಾಡುತ್ತದೆ.

ಎಲ್ಲರ ಮನೆಯಲ್ಲೂ ಈ ಕೆಲಸ ಸಾಧ್ಯವಿಲ್ಲ. ಆದರೆ ಗೋಡೆಯ ಮೇಲಿನ ಪಟಗಳಲ್ಲಿ ನಾಲ್ಕೈದನ್ನು ಆರಿಸುವುದು ಸಾಧ್ಯ. ಅವನ್ನು ಮಳೆಗಾಲಕ್ಕೆ ಮುಂಚೆ ಗೋಡೆಯಿಂದ ಇಳಿಸಿ ಒಣಗಿದ ಕಡೆ ಇಡುವುದು ಸಾಧ್ಯ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ, ಒಂದೆರಡು ಕಡೆ ಪ್ರತಿಯನ್ನು ಇರಿಸುವುದು ಸಾಧ್ಯ. ಮುಂದೆ ಮಸಿಯಲ್ಲಿ ಅಚ್ಚುಹಾಕಬಲ್ಲವರು ಸಿಕ್ಕಾಗ ಆ ಪ್ರತಿಯೇ ನೆಗೆಟಿವ್ ಆಗುತ್ತದೆ. ಇನ್ನೊಂದು ಕೆಲಸವಂತೂ ಇವತ್ತೇ ಆಗಬೇಕು. ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಕೇಳಿ, ಪಟದ ಹಿಂಬದಿಯ ಅಂಚಿನಲ್ಲಿ ಹೆಸರು, ಊರು, ವರ್ಷಗಳನ್ನು ಮೆತ್ತಗಿನ ಸೀಸದಕಡ್ಡಿಯಿಂದ, ಒತ್ತದೆ, ಬರೆದಿಡಿರಿ. ಶಾಯಿಯಿಂದ ಬೇಡ, ಅದು ತೇವಕ್ಕೆ ಹರಡುತ್ತದೆ. ಸೀಸದಕಡ್ಡಿಯ ಕಪ್ಪೂ ಇಂಗಾಲವೇ, ಅದು ಮಾಸುವುದಿಲ್ಲ.